ಮೈಕ್ ಮುಂದೆ ಜಾತಿ ಯಾಕೆ ಮಾಯವಾಗುತ್ತದೆ?

ಸಭೆ ಸೇರಿದ್ದು ಹನುಮಪ್ಪನ ಗುಡಿಯ ಕಟ್ಟೆ ಮುಂದೆ. ಗಂಗಾವತಿ ಕಡೆಯ ಒಂದು ಊರು, ಹೆಸರು ಬೇಡ. ಒಂದು ಶಾಮಿಯಾನ, ಹತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ಕುರ್ಚಿಯಲ್ಲಿ ತಹಶೀಲ್ದಾರರು, ಡಿವೈಎಸ್‌ಪಿ, ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿ, ಪಿಡಿಒ. ಊರ ಹಿರಿಯರು ಜಮಖಾನೆ ಮೇಲೆ ಕೂತಿದ್ದರು. ದಲಿತ ಕೇರಿಯವರು ಜಮಖಾನೆ ಮುಗಿಯುವ ಕಡೆ, ಬೇವಿನ ಮರದ ಕೆಳಗೆ ನಿಂತಿದ್ದರು. ಅಲ್ಲೇ ನಿಲ್ಲಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

"ಚಹಾದಂಗಡಿಯಲ್ಲಿ ಎರಡು ಥರ ಲೋಟ ಇಡ್ತೀರಂತೆ, ಹೌದಾ?" ಅಂತ ಸಾಹೇಬರು ಕೇಳಿದರು.

"ನಮ್ಮೂರಾಗ ಅಂಥಾದ್ದೇನಿಲ್ರಿ ಸಾಹೇಬ್ರ. ಎಲ್ಲಾರೂ ಅಣ್ತಮ್ಮರಂಗ ಅದೀವಿ" ಅಂದರು ಒಬ್ಬ ಹಿರಿಯರು. ಮೈಕು ಬೇವಿನ ಮರದ ಕಡೆ ಹೋಯಿತು. ಒಬ್ಬ ಹುಡುಗ ಅದನ್ನು ಕೈಯಲ್ಲಿ ಹಿಡಿದ, ಪಕ್ಕದವರ ಮುಖ ನೋಡಿದ. "ಏನೂ ತ್ರಾಸಿಲ್ರಿ" ಅಂದ. ಮುಕ್ಕಾಲು ಗಂಟೆಯಲ್ಲಿ ಶಾಂತಿ ಸಭೆ ಮುಗಿಯಿತು. ಅಲ್ಲಿಂದ ಐವತ್ತು ಹೆಜ್ಜೆ ದೂರದ ಅಂಗಡಿಯಲ್ಲಿ ಗಾಜಿನ ಲೋಟ ಮೇಲಿನ ಹಲಗೆಯಲ್ಲಿದ್ದವು, ಪ್ಲಾಸ್ಟಿಕ್ ಲೋಟ ಕೆಳಗಿನ ಡಬ್ಬಿಯಲ್ಲಿದ್ದವು. ಯಾರಿಗೆ ಯಾವುದು ಅಂತ ಆ ಊರಿನ ಮಕ್ಕಳಿಗೂ ಗೊತ್ತು.

ಎಲ್ಲರಿಗೂ ಗೊತ್ತಿರುವ ವಿಷಯವನ್ನು ಎಲ್ಲರೂ ಸೇರಿ ಇಲ್ಲ ಅಂದಿದ್ದು ಹೇಗೆ? ಸುಳ್ಳು ಹೇಳಿದರು ಅಂದುಬಿಡುವುದು ಸುಲಭ. ಆದರೆ ಅಷ್ಟಕ್ಕೆ ನಿಲ್ಲಿಸಿದರೆ ಏನೂ ಅರ್ಥವಾಗುವುದಿಲ್ಲ. ಅಲ್ಲಿದ್ದ ಒಬ್ಬೊಬ್ಬರಿಗೂ ನಿಜ ಹೇಳಿದರೆ ಒಂದೊಂದು ಥರ ನಷ್ಟವಿತ್ತು. ಆ ನಷ್ಟದ ಲೆಕ್ಕ ಬಿಡಿಸುವುದೇ ಈ ಬರಹದ ಕೆಲಸ.

ಈಗ ಯಾಕೆ ಈ ಮಾತು?

ಯಾಕೆಂದರೆ ಜಾತಿಯ ಪ್ರಶ್ನೆ ಮನೆ ಬಾಗಿಲಿಗೇ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ 60 ಪ್ರಶ್ನೆಗಳ ಸಮೀಕ್ಷೆ ನಡೆಸಿತು. ಕರೆಂಟ್ ಮೀಟರ್ ಲೆಕ್ಕದಲ್ಲಿ ಮನೆಗಳಿಗೆ ಸ್ಟಿಕ್ಕರ್ ಅಂಟಿಸಿ, ಶಿಕ್ಷಕರನ್ನು ಬಾಗಿಲಿಗೆ ಕಳಿಸಿತು. ಮಾಹಿತಿ ಕೊಡಲೇಬೇಕು ಅಂತ ಒತ್ತಾಯವಿಲ್ಲ, ಕೊಟ್ಟದ್ದು ಗುಟ್ಟಾಗಿರಬೇಕು ಅಂತ ಹೈಕೋರ್ಟ್ ಹೇಳಿತು. 2027ರ ಜನಗಣತಿಯಲ್ಲೂ ಜಾತಿ ಕೇಳಲು ಕೇಂದ್ರ ಸರ್ಕಾರ ತೀರ್ಮಾನಿಸಿದೆ. ದೇಶದ ಜನಗಣತಿಯಲ್ಲಿ ಎಲ್ಲ ಜಾತಿಗಳ ಲೆಕ್ಕ ಕೊನೆಯ ಸಲ ಪೂರ್ತಿಯಾಗಿ ಹೊರಬಂದದ್ದು 1931ರಲ್ಲಿ. ಆಗ ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿದ್ದವು, ಬಳ್ಳಾರಿ ಮದ್ರಾಸಿಗೆ.

ಇನ್ನೊಂದು ಕಾರಣ ಮರಕುಂಬಿ. ಗಂಗಾವತಿ ತಾಲ್ಲೂಕಿನ ಈ ಊರಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲಿನೊಳಗೆ ದಲಿತರನ್ನು ಬಿಡದ ತಂಟೆ ಅದಕ್ಕೂ ಮುಂಚಿನಿಂದ ಇತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇನ್ನು 3 ಜನರಿಗೆ 5 ವರ್ಷ. ಆ ಮೂವರು ಪರಿಶಿಷ್ಟ ಜಾತಿ, ಪಂಗಡಕ್ಕೇ ಸೇರಿದವರಾದ್ದರಿಂದ ಪರಿಶಿಷ್ಟರ ಮೇಲೆ ಬೇರೆಯವರು ನಡೆಸುವ ದೌರ್ಜನ್ಯಕ್ಕೆ ಶಿಕ್ಷೆ ಕೊಡುವ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ಮುಂದಿನ ತಿಂಗಳೇ ಬಹುತೇಕರಿಗೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಜಾಮೀನು ಸಿಕ್ಕಿತು. ತೀರ್ಪು ಬಂದ ವಾರ ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲೂ ಅದೇ ಮಾತು. ಆದರೆ ಗಮನಿಸಿ ನೋಡಿದರೆ, ಮಾತೆಲ್ಲ ಶಿಕ್ಷೆಯ ಬಗ್ಗೆ. ಕ್ಷೌರದಂಗಡಿಯ ಬಗ್ಗೆ ಮಾತಾಡಿದವರು ಕಡಿಮೆ.

ಜನಾಂಗ, ಜಾತಿ, ಪರಿಶಿಷ್ಟ

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಅಮೆರಿಕದವರು, ದಕ್ಷಿಣ ಆಫ್ರಿಕಾದವರು ರೇಸ್ ಅನ್ನುವುದಕ್ಕೆ ನಾವು ಪುಸ್ತಕದಲ್ಲಿ ಜನಾಂಗ ಅಂತ ಬರೆಯುತ್ತೇವೆ. ಮೈಬಣ್ಣ, ಮೂಗು, ಕೂದಲು ನೋಡಿ ಜನರನ್ನು ಮೇಲು ಕೀಳು ಮಾಡಿದ ಕಥೆ ಅದು. ಆದರೆ ನಮ್ಮ ಆಡುಮಾತಿನಲ್ಲಿ 'ಕುರುಬ ಜನಾಂಗ', 'ಲಿಂಗಾಯತ ಜನಾಂಗ' ಅಂತಲೂ ಅನ್ನುತ್ತೇವೆ. ಒಂದೇ ಪದದಲ್ಲಿ ಎರಡನ್ನೂ ತುಂಬಿಟ್ಟಿದ್ದೇವೆ.

ಎರಡೂ ಒಂದೇನಾ? ಪಂಜಾಬಿನ ಬ್ರಾಹ್ಮಣ ಮತ್ತು ಪಂಜಾಬಿನ ಚಮ್ಮಾರ ರಕ್ತದಿಂದ ಬೇರೆ ಕುಲದವರಲ್ಲ, ಜಾತಿಯನ್ನು ಜನಾಂಗದ ಲೆಕ್ಕದಲ್ಲಿ ವಿವರಿಸಲು ಆಗುವುದಿಲ್ಲ ಅಂತ ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದಾಗ ಜಾತಿಯನ್ನೂ ಅಲ್ಲಿ ಚರ್ಚಿಸಬೇಕು ಅಂತ ದಲಿತ ಸಂಘಟನೆಗಳು ಕೇಳಿದವು. ಜಾತಿ ಬೇರೆ, ಜನಾಂಗ ಬೇರೆ ಅಂತ ಭಾರತ ಸರ್ಕಾರ ವಿರೋಧಿಸಿತು. ಹುಟ್ಟಿನಿಂದ ಬರುವ ಕುಲದ ಭೇದವೂ ಇದರಲ್ಲಿ ಸೇರುತ್ತದೆ ಅಂತ ಮರುವರ್ಷ ವಿಶ್ವಸಂಸ್ಥೆಯ ಸಮಿತಿ ಹೇಳಿತು. ವಾದ ಇನ್ನೂ ಮುಗಿದಿಲ್ಲ. ಮಾತಾಡಲು ಕಷ್ಟ ಅನ್ನುವುದರಲ್ಲಿ ಮಾತ್ರ ಎರಡೂ ಅಕ್ಕತಂಗಿ ಇದ್ದಂತೆ.

ಪರಿಶಿಷ್ಟ ಅಂದರೆ ಏನು ಅಂತ ಕಾಲೇಜು ಹುಡುಗರನ್ನು ಕೇಳಿ, ಜಾಸ್ತಿ ಜನ ಹೇಳುವುದಿಲ್ಲ. ಪುಸ್ತಕದ ಹಿಂದೆ ಸೇರಿಸುವ ಪಟ್ಟಿಗೆ ಪರಿಶಿಷ್ಟ ಅಂತಾರಲ್ಲ, ಅದೇ. ಸರ್ಕಾರಿ ಆದೇಶದ ಆ ಪಟ್ಟಿಯಲ್ಲಿ ಹೆಸರಿರುವ ಜಾತಿಗಳು ಪರಿಶಿಷ್ಟ ಜಾತಿಗಳು. ಕರ್ನಾಟಕದ ಪಟ್ಟಿಯಲ್ಲಿ 101 ಹೆಸರಿವೆ. ತೊಡಕು ಇರುವುದೂ ಇಲ್ಲೇ. ಪಟ್ಟಿಯಲ್ಲಿರುವ ಕೆಲವು ಹೆಸರುಗಳನ್ನೇ ಜಗಳದಲ್ಲಿ ಬೈಗುಳವಾಗಿ ಬಳಸುತ್ತಾರೆ. ಸರ್ಟಿಫಿಕೇಟಿನಲ್ಲಿ ಹಕ್ಕು, ಬೀದಿಯಲ್ಲಿ ಅವಮಾನ. ಹಾಗಾಗಿ ಹೆಸರು ಬಾಯಿಗೆ ಬರುವ ಮುಂಚೆ ಹೇಳುವವರೂ ಕೇಳುವವರೂ ಒಂದು ಕ್ಷಣ ತಡೆಯುತ್ತಾರೆ. ಹಳೇ ಮೈಸೂರು ಕಡೆ ಎಷ್ಟೋ ಜನ 'ಆದಿ ಕರ್ನಾಟಕ', 'ಆದಿ ದ್ರಾವಿಡ' ಅಂತ ಬರೆಸಿಕೊಂಡು ಒಳಜಾತಿ ಗೊತ್ತಾಗದೆ ಹೋದದ್ದೂ ಉಂಟು. ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವರೊಳಗೇ ಹಂಚುವ ಒಳಮೀಸಲಾತಿಗಾಗಿ 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಮನೆಮನೆ ಲೆಕ್ಕ ಮಾಡಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣ.

ಜಾತಿಯ ಹೆಸರು ಹೇಳುವುದೇ ಅಪರಾಧ ಅಂತ ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಪರಿಶಿಷ್ಟರನ್ನು ನಾಲ್ಕು ಜನರ ಎದುರು ಜಾತಿಯ ಹೆಸರು ಹಿಡಿದು ಬೈದರೆ, ಅವಮಾನ ಮಾಡಿದರೆ ಅಪರಾಧ. ಗಣತಿಯವರು ಕೇಳಿದರೆ, ನೀವು ಹೇಳಿದರೆ ಅಪರಾಧವಲ್ಲ.

ನೀರಿನ ಮೇಲ್ಭಾಗ, ಕೆಳಭಾಗ

"ನಾನು ಜಾತಿ ನೋಡಂಗಿಲ್ಲ." ಈ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಹೇಳಿಯೂ ಇರುತ್ತೀರಿ. ಹೇಳುವವರಲ್ಲಿ ಹೆಚ್ಚಿನವರು ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಅದು ಪೂರ್ತಿ ನಿಜವಾಗಿರುವುದಿಲ್ಲ. ಅದು ಹೇಗೆ?

ತುಂಗಭದ್ರಾ ಎಡದಂಡೆ ಕಾಲುವೆ ನೋಡಿ. ಡ್ಯಾಂ ಹತ್ತಿರದ ಗಂಗಾವತಿ ರೈತನಿಗೆ ತೂಬು ಎತ್ತಿದರೆ ನೀರು. ಕಾಲುವೆಯಲ್ಲಿ ಇವತ್ತು ಗೇಜ್ ಎಷ್ಟು ಅಂತ ಅವನು ತಲೆಕೆಡಿಸಿಕೊಳ್ಳುವುದಿಲ್ಲ. ಅದೇ ಕಾಲುವೆಯ ಕೊನೆಗೆ, ರಾಯಚೂರಿನ ಕಡೆ, ರೈತನನ್ನು ಮಾತಾಡಿಸಿ. ಯಾವ ದಿನ ನೀರು ಬಿಟ್ಟರು, ಎಲ್ಲಿ ಅಕ್ರಮ ಪೈಪ್ ಹಾಕಿದ್ದಾರೆ, ಯಾವ ಗೇಟಿನ ಹತ್ತಿರ ರಾತ್ರಿ ಕಾಯಬೇಕು, ಎಲ್ಲ ಬಾಯಿಪಾಠ. ಮೇಲ್ಭಾಗದವನು ಕೆಟ್ಟವನಂತಲ್ಲ. ನೀರು ಬರುತ್ತಿರುವವನಿಗೆ ಕಾಲುವೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಮಾತ್ರ ಮೇಲ್ಭಾಗದವರೂ ರಾತ್ರಿಯೆಲ್ಲ ಟಿವಿ ಮುಂದೆ ಕೂತಿದ್ದರು.

ಜಾತಿಯೂ ಹಾಗೇ. ಅಡ್ಡಹೆಸರು ಕೇಳಿದ ತಕ್ಷಣ ಒಳಗೆ ಕರೆದು ಕೂರಿಸಿದರೆ, ಅದು ಜಾತಿಯ ಕೆಲಸ ಅಂತ ಕೂತವನಿಗೆ ಅನಿಸುವುದಿಲ್ಲ, ಒಳ್ಳೆ ಜನ ಅನಿಸುತ್ತದೆ. ಬಾಗಿಲಲ್ಲೇ ನಿಂತವನಿಗೆ ಪ್ರತಿ ಹೊಸ್ತಿಲೂ ನೆನಪಿರುತ್ತದೆ. ಇಬ್ಬರೂ ಒಂದೇ ಸಭೆಗೆ ಬಂದು ಊರಿನ ಬಗ್ಗೆ ಮಾತಾಡಿದರೆ, ಎರಡು ಬೇರೆ ಊರಿನ ಬಗ್ಗೆ ಮಾತಾಡಿದಂತೆ ಕೇಳುತ್ತದೆ.

ಅಮೆರಿಕದ ಪ್ಯೂ ಸಂಸ್ಥೆ 2019-20ರಲ್ಲಿ ನಮ್ಮ ದೇಶದ ಸುಮಾರು 30,000 ಜನರನ್ನು ಮಾತಾಡಿಸಿತ್ತು. ಪರಿಶಿಷ್ಟ ಜಾತಿಯವರ ಮೇಲೆ ದೇಶದಲ್ಲಿ ತುಂಬಾ ತಾರತಮ್ಯ ಇದೆ ಅಂದವರು ಶೇಕಡಾ 20 ಮಾತ್ರ. ನಮ್ಮ ಹೆಣ್ಣುಮಕ್ಕಳು ಬೇರೆ ಜಾತಿಗೆ ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯ ಅಂದವರು ಶೇಕಡಾ 64. ಅದೇ ಜನ, ಅದೇ ಸಮೀಕ್ಷೆ. ಎರಡು ಉತ್ತರಕ್ಕೂ ತಾಳೆಯಾಗುತ್ತಿಲ್ಲವಲ್ಲ ಅಂತ ನಮಗನಿಸಬಹುದು. ಹೇಳಿದವರಿಗೆ ಅನಿಸಿರಲಿಕ್ಕಿಲ್ಲ. ಅವರ ಲೆಕ್ಕದಲ್ಲಿ ತಾರತಮ್ಯ ಅಂದರೆ ಹೊಡೆಯುವುದು, ಬೈಯುವುದು. ಮದುವೆ ಅದರಲ್ಲಿ ಬರುವುದಿಲ್ಲ, ಅದು 'ಸಂಪ್ರದಾಯ'. ಜಾತಿ ಅನ್ನುವ ಒಂದು ಪದ ಒಬ್ಬರಿಗೆ ಸಂಬಂಧ, ಒಬ್ಬರಿಗೆ ಓಟು, ಒಬ್ಬರಿಗೆ ಮೀಸಲಾತಿ, ಒಬ್ಬರಿಗೆ ಕೆಳಗಿನ ಡಬ್ಬಿಯ ಪ್ಲಾಸ್ಟಿಕ್ ಲೋಟ.

ಕ್ಷೌರದಂಗಡಿಯ ಲೆಕ್ಕ

ಮೇಲೆ ಹೇಳಿದ ಊರಿಗೇ ಬರೋಣ. ಅಲ್ಲಿನ ಕ್ಷೌರದಂಗಡಿಯಲ್ಲಿ ಒಂದೇ ಕುರ್ಚಿ. ಕೇರಿಯ ಹುಡುಗರು ಕಟಿಂಗಿಗೆ ಗಂಗಾವತಿಗೆ ಹೋಗುತ್ತಾರೆ. ಬಸ್ ಚಾರ್ಜು, ಅರ್ಧ ದಿನದ ಕೂಲಿ ಎರಡೂ ಹೋಗುತ್ತದೆ. ಅಂಗಡಿಯವನು ನನಗೆ ಪರಿಚಯ. ಅವನೂ ಚಿಕ್ಕ ಸಮುದಾಯದವನೇ, ಊರಲ್ಲಿ ಅವರದ್ದು ಎರಡೇ ಮನೆ. ಕೇಳಿದೆ. ಕತ್ತರಿ ಒರೆಸುತ್ತಾ ಹೇಳಿದ: "ನಂದೇನೈತ್ರಿ? ಕೂದಲು ಎಲ್ಲಾರದೂ ಕರ್ರಗ ಐತಿ. ಅವರು ಬಂದು ಕುಂತರ ಉಳಿದವರು ಬರಂಗಿಲ್ಲ. ಸುಗ್ಗಿಗೆ ಮನಿಮನಿಗೆ ಕೊಡೋ ಭತ್ತನೂ ನಿಂತು ಹೋಕ್ಕೈತಿ."

ಅದೇ ವಾರ ಆ ಅಂಗಡಿಯ ಖಾಯಂ ಗಿರಾಕಿಯೊಬ್ಬರನ್ನು ಕೇಳಿದೆ. ಅವರ ಮಗ ಬೆಂಗಳೂರಿನಲ್ಲಿ ಯಾವುದೋ ಪಾರ್ಲರಿಗೆ ಹೋಗುತ್ತಾನೆ, ಅಲ್ಲಿ ಮುಂಚೆ ಯಾರು ಕೂತಿದ್ದರು ಅಂತ ಯಾರೂ ಕೇಳುವುದಿಲ್ಲ, ಅದು ಅವರಿಗೂ ಗೊತ್ತು. "ನನಗೇನೂ ಇಲ್ರಿ, ಊರಾಗ ಉಳಿದವರು ಒಪ್ಪಂಗಿಲ್ಲ" ಅಂದರು.

ಅಂಗಡಿಯವನಿಗೆ ಗಿರಾಕಿಯ ಭಯ, ಗಿರಾಕಿಗೆ ಪಕ್ಕದ ಮನೆಯವನ ಭಯ, ಪಕ್ಕದ ಮನೆಯವನಿಗೆ ಇವರದೇ ಭಯ. ಒಳಗೊಳಗೇ ಹತ್ತು ಜನಕ್ಕೆ ಇದು ಬೇಡವಾಗಿದ್ದರೂ, ಉಳಿದ ಒಂಬತ್ತು ಜನಕ್ಕೆ ಬೇಕಾಗಿದೆ ಅಂತ ಒಬ್ಬೊಬ್ಬರೂ ನಂಬಿದ್ದರೆ ಸಾಕು, ಪದ್ಧತಿ ಮುಂದುವರಿಯುತ್ತದೆ. ಈ ತಪ್ಪು ಲೆಕ್ಕ ಒಡೆಯಬೇಕಾದರೆ ಯಾರಾದರೂ ಒಬ್ಬರು ಎಲ್ಲರೆದುರು ಬಾಯಿಬಿಡಬೇಕು. ಮೊದಲು ಬಾಯಿಬಿಟ್ಟವನಿಗೇ ಏಟು ಜಾಸ್ತಿ. ಹಾಗಂತ ಎಲ್ಲರಿಗೂ ನಿಜವಾಗಲೂ ಬೇಡವಾಗಿದೆ ಅಂತ ನಾನು ಹೇಳುತ್ತಿಲ್ಲ. ಬೇಕಾದವರೂ ಇದ್ದಾರೆ, ಅವರ ದನಿಯೂ ದೊಡ್ಡದು. ಆದರೆ ಅವರು ಎಷ್ಟು ಜನ ಅನ್ನುವುದೇ ಯಾರಿಗೂ ಗೊತ್ತಾಗುವುದಿಲ್ಲ.

ಬೇವಿನ ಮರದ ಕೆಳಗೆ ನಿಂತವರ ಲೆಕ್ಕ ಬೇರೆ. ಅವರಿಗೆ ಗಿರಾಕಿ ಹೋಗುವ ಚಿಂತೆಯಲ್ಲ. ನಾಟಿಗೆ ಕರೆಯುವವರು, ಮುಂಗಡ ಕೊಟ್ಟವರು, ದಾರಿ ಬಿಟ್ಟವರು, ಎಲ್ಲರೂ ಜಮಖಾನೆ ಮೇಲೆ ಕೂತಿದ್ದಾರೆ. ಸಾಹೇಬರ ಜೀಪು ಸಂಜೆ ಐದಕ್ಕೆ ಹೊರಡುತ್ತದೆ. ಮರುದಿನ ಬೆಳಗ್ಗೆ ನಾಟಿಗೆ ಬೇರೆ ಊರಿನ ಆಳು ಟ್ರ್ಯಾಕ್ಟರಿನಲ್ಲಿ ಬಂದರೆ ಯಾರನ್ನು ಕೇಳುವುದು? ಕೆಲಸ, ದಿನಸಿ, ಓಡಾಟ ನಿಲ್ಲಿಸುವ ಇಂಥ ಬಹಿಷ್ಕಾರ ಈಗ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಬೇರೆಯದೇ ಅಪರಾಧ. 2015ರ ತಿದ್ದುಪಡಿಯಲ್ಲಿ ಇದು ಸೇರಿ, 2016ರ ಜನವರಿಯಲ್ಲಿ ಜಾರಿಗೆ ಬಂತು. ಆದರೆ "ಈ ಸಲ ಆಳು ಬೇಕಾಗಿಲ್ಲ" ಅನ್ನುವುದನ್ನು ಬಹಿಷ್ಕಾರ ಅಂತ ತೋರಿಸುವುದು ಸುಲಭವಲ್ಲ. "ಏನೂ ತ್ರಾಸಿಲ್ರಿ" ಅಂದ ಹುಡುಗನ ತಲೆಯಲ್ಲಿ ಇದೆಲ್ಲ ಓಡಿತ್ತು ಅಂತ ಅವನೇ ಆಮೇಲೆ ಹೇಳಿದ.

ನಿಜ ಹೇಳಿದರೆ ಕೇಸು

ಇನ್ನೊಂದು ಗಂಟು ಕಾನೂನಿನದ್ದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ತಡೆಯಬಾರದು ಅಂತ 15ನೇ ವಿಧಿ ಹೇಳುತ್ತದೆ. 1955ರ ಕಾಯ್ದೆ, ಆಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆ ಶಿಕ್ಷೆ ಗೊತ್ತು ಮಾಡಿದವು. ಇವು ಇಲ್ಲದಿದ್ದರೆ ಮರಕುಂಬಿಯಂಥ ತೀರ್ಪೂ ಇರುತ್ತಿರಲಿಲ್ಲ.

ಆದರೆ ಆ ಸಭೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಡಿವೈಎಸ್‌ಪಿ ಮುಂದೆ ಕೂತು "ಹೌದ್ರಿ, ನಾವು ಎರಡು ಲೋಟ ಇಟ್ಟೀವಿ, ಇನ್ನು ಮ್ಯಾಲೆ ಇಡಂಗಿಲ್ಲ" ಅಂತ ಯಾರಾದರೂ ಅಂದರೆ ಅದು ಪಶ್ಚಾತ್ತಾಪವೋ, ತಪ್ಪೊಪ್ಪಿಗೆಯೋ? ಎರಡೂ ಹೌದು. ಪೊಲೀಸರಿರುವ ಕಡೆ ಮನಸ್ಸು ಬಿಚ್ಚಿ ಮಾತಾಡಿ ಅಂದರೆ, ಸ್ಟೇಷನ್ನಿಗೆ ಕರೆದು ಕಥೆ ಹೇಳಿ ಅಂದಂತೆ.

ದಕ್ಷಿಣ ಆಫ್ರಿಕಾದವರು ಈ ಗಂಟನ್ನು ಬೇರೆ ಥರ ಬಿಚ್ಚಲು ನೋಡಿದರು. ಬಿಳಿಯರ ಆಳ್ವಿಕೆ ಮುಗಿದ ಮೇಲೆ ಡೆಸ್ಮಂಡ್ ಟುಟು ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ಮಾಡಿದರು. 1996ರಲ್ಲಿ ವಿಚಾರಣೆ ಶುರುವಾಯಿತು. ರಾಜಕೀಯ ಕಾರಣಕ್ಕೆ ಮಾಡಿದ ಅಪರಾಧವನ್ನು ಒಂದೂ ಮುಚ್ಚಿಡದೆ ಹೇಳಿದರೆ ಕ್ಷಮೆ ಕೇಳಬಹುದು ಅನ್ನುವುದು ಷರತ್ತು. 7 ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು, ಕ್ಷಮೆ ಸಿಕ್ಕಿದ್ದು ಸ್ವಲ್ಪ ಜನಕ್ಕೆ. ಕೊಂದವರು ಕ್ಷಮೆ ಪಡೆದು ಮನೆಗೆ ಹೋದರು ಅಂತ ಸತ್ತವರ ಮನೆಯವರಲ್ಲಿ ಎಷ್ಟೋ ಜನ ಸಿಟ್ಟಾದರು. ಸತ್ಯ ಹೊರಬಂತು, ಅದಕ್ಕೊಂದು ಬೆಲೆಯೂ ಕಟ್ಟಬೇಕಾಯಿತು. ಅಮೆರಿಕದಲ್ಲಿ 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಜನಾಂಗದ ಬಗ್ಗೆ ದೇಶವೆಲ್ಲ ಮಾತಾಡಲಿ ಅಂತ ಇತಿಹಾಸಕಾರ ಜಾನ್ ಹೋಪ್ ಫ್ರಾಂಕ್ಲಿನ್ ಅವರ ಕೈಗೆ ಒಂದು ಸಮಿತಿ ಕೊಟ್ಟರು. ಅಲ್ಲಿ ಶಿಕ್ಷೆಯ ಭಯವೂ ಇರಲಿಲ್ಲ, ಕ್ಷಮೆಯ ಆಸೆಯೂ ಇರಲಿಲ್ಲ. ಊರೂರಲ್ಲಿ ಸಭೆಗಳಾದವು, ವರದಿ ಬಂತು.

ಪ್ರಶ್ನೆ ಬದಲಾದರೆ ಉತ್ತರ ಬದಲಾಗುತ್ತದೆ

2011-12ರಲ್ಲಿ ದೆಹಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ ಸುಮಾರು 42,000 ಕುಟುಂಬಗಳ ಸಮೀಕ್ಷೆ ಮಾಡಿದವು. ಮೊದಲ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರಾ? ಇಲ್ಲ ಅಂದವರಿಗೆ ಇನ್ನೊಂದು: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬರಬಹುದಾ, ನಿಮ್ಮ ಪಾತ್ರೆ ಬಳಸಬಹುದಾ? ಮೊದಲನೆಯದಕ್ಕೆ ಇಲ್ಲ ಅಂದವರಲ್ಲೇ ಕೆಲವರು ಎರಡನೆಯದಕ್ಕೆ "ಅದು ಹ್ಯಾಗಾಗ್ತದೆ" ಅನ್ನುವ ಥರದ ಉತ್ತರ ಕೊಟ್ಟರು. ಎರಡನ್ನೂ ಕೂಡಿಸಿದರೆ ಶೇಕಡಾ 27 ಕುಟುಂಬಗಳಾದವು. ದೊಡ್ಡ ಪದಕ್ಕೆ ಎಲ್ಲರೂ ಹುಷಾರಾಗುತ್ತಾರೆ. ಅಡುಗೆಮನೆ, ಪಾತ್ರೆ ಅಂದಾಗ ಇದ್ದದ್ದು ಬಾಯಿಗೆ ಬರುತ್ತದೆ. ನಾನಾಗಿದ್ದರೆ ಶಾಂತಿ ಸಭೆಯಲ್ಲೂ "ತಾರತಮ್ಯ ಇದೆಯಾ" ಅಂತ ಕೇಳದೆ, ಹೋದ ಹಬ್ಬದಲ್ಲಿ ಯಾರು ಎಲ್ಲಿ ಉಂಡರು ಅಂತ ಕೇಳುತ್ತಿದ್ದೆ.

ಯಾರು ಕೇಳುತ್ತಾರೆ, ಎಲ್ಲಿ ಕೇಳುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ. ನನ್ನ ತಂಗಿ ಪ್ರೈಮರಿ ಶಾಲೆಯ ಟೀಚರ್, 2025ರ ಸಮೀಕ್ಷೆಗೆ ಹೋಗಿದ್ದಳು. ಕೊಪ್ಪಳದ ಒಂದು ಓಣಿಯಲ್ಲಿ ಬಾಗಿಲು ತೆರೆದ ಹೆಂಗಸು ಮನೆ, ಓದು, ಸಾಲ ಎಲ್ಲ ಹೊಸ್ತಿಲಲ್ಲೇ ನಿಂತು ಹೇಳಿದರು. ಜಾತಿಯ ಪ್ರಶ್ನೆ ಬಂದಾಗ ಪಕ್ಕದ ಮನೆ ಕಡೆ ನೋಡಿ "ಒಳಗ ಬರ್ರಿ ಟೀಚರ್ರ" ಅಂದರು. ಬಾಡಿಗೆ ಮನೆ. ಮಾಲಕರಿಗೆ ಬೇರೆ ಜಾತಿ ಹೇಳಿದ್ದರು. ಒಳಗೆ ಮೆಲ್ಲಗೆ ಹೇಳಿ, ಬರೆಸಿ, ಆಮೇಲೆ ಕೇಳಿದರು: "ನೀವು ಯಾವ ಮಂದಿ ಟೀಚರ್ರ?" ಮುನ್ನೂರು ಮನೆಯಲ್ಲಿ ಅದೇ ಪ್ರಶ್ನೆ ಕೇಳಿಬಂದ ನನ್ನ ತಂಗಿಗೆ ಉತ್ತರ ಹೇಳಲು ಗಂಟಲು ಹಿಡಿಯಿತಂತೆ. ಹೇಳಿದಳು. ಆ ಹೆಂಗಸಿನ ಮುಖ ಸ್ವಲ್ಪ ಬದಲಾಯಿತು. "ಚಾ ಮಾಡ್ಲೇನ್ರಿ, ನಡೀತೈತಾ?" ಅಂತ ಅನುಮಾನದಿಂದ ಕೇಳಿದರು. ಇವಳು ಕುಡಿದೇ ಬಂದಳು. ಆ ಅರ್ಧ ಗಂಟೆ ಯಾವ ಮೈಕಿನ ಮುಂದೆಯೂ ನಡೆಯುತ್ತಿರಲಿಲ್ಲ.

ಮೀಸಲಾತಿ ಬಂದರೆ ಮಾತು ಹಳಿ ತಪ್ಪುತ್ತದೆ

ಇದನ್ನು ಜಾಸ್ತಿ ಬೆಳೆಸುವುದಿಲ್ಲ. ಲೋಟದ ಬಗ್ಗೆ ಶುರುವಾದ ಮಾತು ಎರಡೇ ನಿಮಿಷದಲ್ಲಿ "ನನ್ನ ಮಗನಿಗೆ ಸೀಟು ಸಿಗಲಿಲ್ಲ" ಅನ್ನುವಲ್ಲಿಗೆ ಬಂದು ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಸೀಟಿನ ನೋವು ಸುಳ್ಳೇನಲ್ಲ. ಆದರೆ ಅದು ಬೇರೆ ಮಾತು. ಮೀಸಲಾತಿ ಸರಿಯೋ ತಪ್ಪೋ, ಕ್ಷೌರದಂಗಡಿಯ ಕುರ್ಚಿಯಲ್ಲಿ ಯಾರು ಕೂರಬೇಕು ಅನ್ನುವುದಕ್ಕೆ ಅದು ಉತ್ತರ ಕೊಡುವುದಿಲ್ಲ. ಎಡವಟ್ಟಾಗುವುದು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದಾಗ. ಮಜಾ ಅಂದರೆ, ಕಲ್ಯಾಣ ಕರ್ನಾಟಕದ ನಾವೆಲ್ಲ ಸಂವಿಧಾನದ 371ಜೆ ವಿಧಿಯ ಅಡಿ ಸೀಟು, ನೌಕರಿಯಲ್ಲಿ ಮೀಸಲು ಪಡೆಯುತ್ತೇವೆ. ಹಿಂದುಳಿದ ಭಾಗ, ಅನ್ಯಾಯವಾಗಿದೆ ಅಂತ ಹೋರಾಡಿಯೇ ಪಡೆದದ್ದು. ಅದರ ಬಗ್ಗೆ ಮಾತಾಡುವಾಗ ಯಾರ ಗಂಟಲೂ ಹಿಡಿಯುವುದಿಲ್ಲ.

ಸಭೆಯ ನಂತರ

ಆ ಊರಿಗೆ ಎರಡು ತಿಂಗಳು ಬಿಟ್ಟು ಮತ್ತೆ ಹೋಗಿದ್ದೆ. ಚಹಾದಂಗಡಿಯ ಮೇಲಿನ ಹಲಗೆಯಲ್ಲಿ ಗಾಜಿನ ಲೋಟ ಇರಲಿಲ್ಲ. ಎಲ್ಲರಿಗೂ ಪೇಪರ್ ಲೋಟ. ಸಭೆಯಲ್ಲಿ ಇಲ್ಲದೇ ಇದ್ದ ಸಮಸ್ಯೆ ಬಗೆಹರಿದಿತ್ತು. ಸಭೆಯಲ್ಲಿ ಮೊದಲು ಮಾತಾಡಿದ್ದ ಹಿರಿಯರು ಸಿಕ್ಕರು. "ನೋಡ್ರಿ, ಈಗೆಲ್ಲಾ ಒಂದ" ಅಂದರು. ಬೇವಿನ ಮರದ ಹುಡುಗನೂ ಸಿಕ್ಕ. "ನಮಗಂತ ಗಾಜಿನ ಲೋಟ ಕೊಡಬೇಕಾಗ್ತದಂತ ಎಲ್ಲಾರ ಗಾಜಿನ ಲೋಟಾನೂ ತಗದಾರ" ಅಂದ. ಇಬ್ಬರ ಕೈಯಲ್ಲೂ ಒಂದೇ ಥರದ ಲೋಟವಿತ್ತು. ಇಬ್ಬರೂ ಈ ಮಾತನ್ನು ನನಗೆ ಬೇರೆಬೇರೆಯಾಗಿ ಹೇಳಿದರು, ದನಿ ತಗ್ಗಿಸಿ.

ದುಡ್ಡು ಕೊಡಲು ಒಳಗೆ ಹೋದೆ. ಮಾಲಕ ಒಲೆಯ ಹಿಂದೆ ಸ್ಟೂಲ್ ಮೇಲೆ ಕೂತು ಚಹಾ ಕುಡಿಯುತ್ತಿದ್ದ, ಗಾಜಿನ ಲೋಟದಲ್ಲಿ.